ಮಿಲ್ಕ್ ಪೇಂಟ್, ಚಾಕ್ ಪೇಂಟ್ ಮತ್ತು ಕೊಡಗಿನ ಮಳೆ: ಮನೆಯ ಮರದ ಸಾಮಾನಿಗೆ ನಾನೇ ಬಣ್ಣ ಹಚ್ಚಿದ ಅನುಭವ

ಒಂದು ಮರದ ಸಾಮಾನಿಗೆ ಮಿಲ್ಕ್ ಪೇಂಟ್ ಹೊಂದುತ್ತದೆಯೋ ಚಾಕ್ ಪೇಂಟ್ ಹೊಂದುತ್ತದೆಯೋ ಎಂಬುದನ್ನು ನಾನು ತೀರ್ಮಾನಿಸುವುದು ಒಂದು ಹನಿ ನೀರಿನಿಂದ. ಧೂಳು ಒರೆಸಿದ ಹಲಗೆಯ ಮೇಲೆ ಬೆರಳ ತುದಿಯಿಂದ ಹನಿಯೊಂದನ್ನು ಬಿಟ್ಟು ಸ್ವಲ್ಪ ಹೊತ್ತು ಕಾಯುತ್ತೇನೆ. ಹನಿ ಹರಡಿಕೊಂಡು ಮರದೊಳಗೆ ಇಂಗಿ ಅಲ್ಲಿ ಕಪ್ಪು ಕಲೆ ಮೂಡಿದರೆ ಮರ ಬರಿದಾಗಿದೆ, ಅದು ಮಿಲ್ಕ್ ಪೇಂಟನ್ನು ಕುಡಿಯುತ್ತದೆ. ಹನಿ ಮಣಿಯಂತೆ ಗುಂಡಗೆ ನಿಂತರೆ ಮೇಲೆ ಪಾಲಿಶ್, ವಾರ್ನಿಶ್ ಅಥವಾ ಎಣ್ಣೆಯ ಪದರವಿದೆ, ಅಲ್ಲಿ ಚಾಕ್ ಪೇಂಟೇ ಸರಿ. ಯಾವ ಬಣ್ಣ ಚೆಂದ ಎಂಬ ಪ್ರಶ್ನೆ ಬರುವುದು ಇದಾದ ಮೇಲೆ.

ಹೀಗಾಗಲು ಕಾರಣ ಆ ಎರಡು ಬಣ್ಣಗಳ ಹುಟ್ಟಿನಲ್ಲೇ ಇದೆ. ಮಿಲ್ಕ್ ಪೇಂಟ್ ಎಂದರೆ ಹಾಲಿನ ಕೇಸೀನ್ ಎಂಬ ಪ್ರೋಟೀನು, ಅರಳಿದ ಸುಣ್ಣ ಮತ್ತು ಬಣ್ಣದ ಪುಡಿ, ಇಷ್ಟೇ. ಸುಣ್ಣದೊಂದಿಗೆ ಸೇರಿದ ಕೇಸೀನು ಅಂಟಾಗಿ, ಮರದ ರಂಧ್ರಗಳೊಳಗೆ ಇಳಿದು, ಅಲ್ಲಿಯೇ ನೀರಿಗೆ ಕರಗದಂತೆ ಗಟ್ಟಿಯಾಗುತ್ತದೆ. ಇಳಿಯಲು ರಂಧ್ರವೇ ಇಲ್ಲದ ಪಾಲಿಶ್ ಮೇಲೆ ಅದು ನಿಲ್ಲದೆ ಚಕ್ಕೆಚಕ್ಕೆಯಾಗಿ ಎದ್ದುಬರುತ್ತದೆ. ಹಾಗೆ ಎದ್ದುಬಂದ ನೋಟವನ್ನೇ ಹಳೆಗಾಲದ ಚೆಲುವೆಂದು ಬಯಸಿ ಮಾಡುವವರೂ ಇದ್ದಾರೆ. ಮಳೆಗಾಲದಲ್ಲಿ ಗೋಡೆಯ ಸುಣ್ಣ ತಾನಾಗಿಯೇ ಉದುರುವ ನಮ್ಮ ಮನೆಗಳಲ್ಲಿ ಆ ಚೆಲುವಿಗೆ ದುಡ್ಡು ಕೊಡಬೇಕೆಂದು ನನಗೆ ಅನಿಸಿಲ್ಲ. ಚಾಕ್ ಪೇಂಟ್ ಎಂಬುದು 1990ರಲ್ಲಿ ಬ್ರಿಟನ್ನಿನ ಆ್ಯನಿ ಸ್ಲೋನ್ ತಯಾರಿಸಿ ಅದೇ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಬಣ್ಣ. ಅದನ್ನು ನೋಡಿ ಬಂದ ಬೇರೆ ಕಂಪನಿಗಳ ಬಣ್ಣಗಳನ್ನೂ, ಮನೆಯಲ್ಲಿ ಕಲಸಿಕೊಳ್ಳುವುದನ್ನೂ ಈಗ ಎಲ್ಲರೂ ಚಾಕ್ ಪೇಂಟ್ ಎಂದೇ ಕರೆಯುತ್ತಾರೆ. ಹೊಳಪಿಲ್ಲದ ಈ ಬಣ್ಣ ಪಾಲಿಶನ್ನು ಪೂರ್ತಿ ಕೆರೆದು ತೆಗೆಯದಿದ್ದರೂ, ಪ್ರೈಮರ್ ಇಲ್ಲದಿದ್ದರೂ ಹಿಡಿದುಕೊಳ್ಳುತ್ತದೆ.

ನಮ್ಮದು ಸೋಮವಾರಪೇಟೆ ಕಡೆಯ ಕಾಫಿ ತೋಟದ ಮನೆ. ಮಿಲ್ಕ್ ಪೇಂಟ್ ಹಚ್ಚಿದ್ದು ಅಡುಗೆಮನೆಯ ಸಿಲ್ವರ್ ಓಕ್ ಕಪಾಟಿಗೆ. ತೋಟದಲ್ಲಿ ನೆರಳಿಗೂ ಕರಿಮೆಣಸಿನ ಬಳ್ಳಿಗೂ ಬೆಳೆಸಿದ ಮರವನ್ನು ಕೊಯ್ಯಿಸಿ ಮಾಡಿಸಿದ ಕಪಾಟು ಅದು; ಯಾವ ಪಾಲಿಶನ್ನೂ ಕಾಣದ, ತಿಳಿಬಣ್ಣದ ಬರಿಮರ. ಪುಡಿಯ ರೂಪದಲ್ಲಿ ಸಿಗುವ ಮಿಲ್ಕ್ ಪೇಂಟನ್ನು ತರಿಸುವುದಕ್ಕಿಂತ ಮನೆಯಲ್ಲೇ ಮಾಡಿಕೊಳ್ಳುವುದು ಸುಲಭವೆಂದು ತೋರಿತು, ಏಕೆಂದರೆ ಬೇಕಾದದ್ದೆಲ್ಲ ಕೈಗೆ ಸಿಗುವಂತೆಯೇ ಇತ್ತು.

ಹಾಲಿನಲ್ಲಿ ಕೊಬ್ಬು ಇರಬಾರದು, ಇದ್ದರೆ ಬಣ್ಣ ಹಿಡಿಯುವುದಿಲ್ಲ. ನಂದಿನಿಯ ನೀಲಿ ಪೊಟ್ಟಣದ ಹಾಲಿನಲ್ಲಿಯೂ ಶೇ 3ರಷ್ಟು ಕೊಬ್ಬು ಇರುವುದರಿಂದ ನಾನು ಕೆನೆ ತೆಗೆದ ಹಾಲಿನ ಪುಡಿಯನ್ನೇ ನೀರಿನಲ್ಲಿ ಕದಡಿಕೊಂಡೆ. ಅದನ್ನು ಉಗುರುಬೆಚ್ಚಗೆ ಮಾಡಿ, ಬಿಳಿ ವಿನೆಗರ್ ಹಾಕಿ, ಕದಲಿಸದೆ ಒಡೆಯಲು ಬಿಟ್ಟೆ. ಹಾಲು ಕುದಿಯುವಾಗ ಒಡೆಸಿದರೆ ಪನೀರಿನಂತೆ ಬಿಗಿಯಾದ ಮುದ್ದೆ ಬರುತ್ತದೆ, ಅದು ಸುಣ್ಣದಲ್ಲಿ ಸುಲಭವಾಗಿ ಕರಗುವುದಿಲ್ಲ. ನಮಗೆ ಬೇಕಾದದ್ದು ಬೆರಳಿನಲ್ಲಿ ಹಿಸುಕಿದರೆ ಮೆತ್ತಗೆ ಜಾರುವ ಮುದ್ದೆ. ಹುಳಿಗೆ ಕಾಚಂಪುಳಿ, ಅಂದರೆ ಕೊಡಗಿನ ಅಡುಗೆಯ ಕಪ್ಪು ಹುಳಿರಸ, ಆಗುವುದಿಲ್ಲವೇ ಎಂದು ಮನೆಯಲ್ಲಿ ಕೇಳಿದರು. ಹಾಲು ಅದರಿಂದಲೂ ಒಡೆಯುತ್ತದೆ, ಆದರೆ ಅದರ ಕಪ್ಪು ಮುದ್ದೆಗೂ ಇಳಿಯುತ್ತದೆ. ಅಲ್ಲದೆ ಹಂದಿ ಸಾರಿಗೆ ಬೇಕಾದ ವಸ್ತುವನ್ನು ಕಪಾಟಿಗೆ ಖರ್ಚು ಮಾಡುವುದನ್ನು ಕೊಡಗಿನಲ್ಲಿ ಯಾರೂ ಮೆಚ್ಚಲಾರರು. ಒಡೆದ ಮುದ್ದೆಯನ್ನು ಬಟ್ಟೆಯಲ್ಲಿ ಸೋಸಿ, ಹುಳಿ ಹೋಗುವವರೆಗೆ ತಣ್ಣೀರಿನಲ್ಲಿ ತೊಳೆದು, ಹಿಂಡಿ ಇಟ್ಟುಕೊಂಡೆ.

ಸುಣ್ಣದ ವಿಷಯದಲ್ಲಿ ತೋಟದವರು ಎಚ್ಚರದಿಂದಿರಬೇಕು, ಏಕೆಂದರೆ ನಮ್ಮ ಉಗ್ರಾಣಗಳಲ್ಲಿ ಎರಡು ಬಗೆಯ ಸುಣ್ಣವಿರುತ್ತದೆ. ಮಣ್ಣಿನ ಹುಳಿ ತಗ್ಗಿಸಲು ಕಾಫಿ ಗಿಡದ ಬುಡಕ್ಕೆ ಎರಚುವುದು ಹೆಚ್ಚಾಗಿ ಸುಣ್ಣಕಲ್ಲಿನ ಅಥವಾ ಡೋಲೋಮೈಟಿನ ಪುಡಿ; ಅದು ಸುಟ್ಟ ಸುಣ್ಣವಲ್ಲ, ಅದರಿಂದ ಕೇಸೀನು ಕರಗುವುದಿಲ್ಲ. ಗಿಡಗಳ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತದ ಜೊತೆ ಬಳಸುವ ಸುಣ್ಣ ಬೇರೆ. ಆ ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಕೆಲವು ದಿನ ನೀರಿನಡಿಯಲ್ಲೇ ಮುಚ್ಚಿಟ್ಟು, ಬೆಣ್ಣೆಯಂತಾದ ಮೇಲೆ ಬಳಸಿದೆ. ಐದು ಪಾಲು ಹಾಲಿನ ಮುದ್ದೆಗೆ ಒಂದು ಪಾಲು ಸುಣ್ಣ ಹಾಕಿ ಕಲಸುತ್ತ ಹೋದಂತೆ ಗಂಟುಗಂಟಾಗಿದ್ದ ಮುದ್ದೆ ಸಡಿಲಗೊಂಡು, ನೀರು ಸೇರಿಸದೆಯೇ, ನೋಡನೋಡುತ್ತಿದ್ದಂತೆ ಗಂಜಿಯಂತೆ ಹರಿಯತೊಡಗಿತು. ಬಣ್ಣ ಸರಿಯಾಗಿ ಕೂಡಿದೆ ಎಂಬುದಕ್ಕೆ ಅದೇ ಗುರುತು. ಅರ್ಧ ಗಂಟೆ ಬಿಟ್ಟು, ಬೇಕಾದಷ್ಟು ನೀರು ಹಾಕಿ, ತೆಳುಬಟ್ಟೆಯಲ್ಲಿ ಮತ್ತೆ ಸೋಸಿದೆ. ಸುಣ್ಣ ಕೈಯನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕೈಗವಸು ಮತ್ತು ಕನ್ನಡಕವಿಲ್ಲದೆ ಈ ಕೆಲಸಕ್ಕೆ ಇಳಿಯಬಾರದು.

ಬಣ್ಣದ ಪುಡಿ ಸುಣ್ಣವನ್ನು ತಾಳುವಂಥದ್ದಾಗಿರಬೇಕು. ಅರಿಸಿನ ಸುಣ್ಣಕ್ಕೆ ಕೆಂಪಾಗುವುದನ್ನು ಓಕುಳಿಯ ತಟ್ಟೆಯಲ್ಲಿ ಎಲ್ಲರೂ ಕಂಡವರೇ. ನೆಲಕ್ಕೆ ಬಳಸುವ ರೆಡ್ ಆಕ್ಸೈಡ್, ಕಾವಿ, ಹಳದಿ ಆಕ್ಸೈಡ್, ದೀಪದ ಮಸಿ, ಇವು ಸುಣ್ಣಕ್ಕೂ ಬಿಸಿಲಿಗೂ ಬದಲಾಗುವುದಿಲ್ಲ. ನಾನು ರೆಡ್ ಆಕ್ಸೈಡಿಗೆ ಚಿಟಿಕೆ ಮಸಿ ಸೇರಿಸಿ, ಮೊದಲು ನೀರಿನಲ್ಲಿ ನುಣ್ಣಗೆ ಅರೆದುಕೊಂಡು ಬೆರೆಸಿದೆ. ಪುಡಿ ಅತಿಯಾದರೆ ಅಂಟು ಸಾಲದೆ, ಒಣಗಿದ ಮೇಲೆ ಕೈಗೆ ಮೆತ್ತಿಕೊಳ್ಳುತ್ತದೆ.

ನೀರು ಸೋಕಿದ ಮರದ ನಾರು ಎದ್ದುನಿಲ್ಲುವುದರಿಂದ, ಹಚ್ಚುವ ಮೊದಲು ಕಪಾಟನ್ನು ಒದ್ದೆಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ 220 ನಂಬರಿನ ಸ್ಯಾಂಡ್‌ಪೇಪರಿನಿಂದ ಮೆಲ್ಲಗೆ ತೀಡಿದೆ. ಮೊದಲ ಕೋಟ್ ನೋಡಿದವರು ಯಾರೇ ಆದರೂ ಧೈರ್ಯಗೆಡುತ್ತಾರೆ: ಅಲ್ಲಲ್ಲಿ ಮೋಡ, ಅಲ್ಲಲ್ಲಿ ಬರಿಮರ, ಬ್ರಷ್ಷಿನ ಗೆರೆಗಳು. ಎರಡನೆಯದರಲ್ಲಿ ಅದು ಸಮನಾಗುತ್ತದೆ, ಮೂರನೆಯದು ಅಂಚುಗಳಿಗೆ ಮಾತ್ರ ಬೇಕಾಗಬಹುದು. ಒಣಹವೆಯಲ್ಲಿ ಒಂದು ಕೋಟ್ ಅರ್ಧ ಗಂಟೆಯಲ್ಲಿ ಒಣಗುತ್ತದೆ. ಕಲಸಿದ್ದನ್ನು ಅಂದೇ ಮುಗಿಸುವುದು ಒಳ್ಳೆಯದು, ಏಕೆಂದರೆ ಎಷ್ಟಾದರೂ ಅದು ಹಾಲು.

ಒಣಗಿದ ಮಿಲ್ಕ್ ಪೇಂಟ್ ಪೇಲವವಾಗಿ, ಮುಟ್ಟಿದರೆ ಹಲಗೆಬಳಪದಂತೆ ಇರುತ್ತದೆ. ಅದರ ಮೇಲೆ ಅಗಸೆ ಎಣ್ಣೆ ಸವರಿದ ಕ್ಷಣ ಬಣ್ಣ ಆಳಕ್ಕೆ ಇಳಿದು, ಕಾವಿ ನೆಲ ಒರೆಸಿದಾಗಿನ ಕೆಂಪು ಬಂತು. ಎಣ್ಣೆ ಹೀರದೆ ಉಳಿದದ್ದನ್ನು ಒರೆಸಿಬಿಡಬೇಕು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಅಗಸೆ ಎಣ್ಣೆ ಒಣಗುವಾಗ ಬಿಸಿಯೇಳುವುದರಿಂದ ಅಂಥ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಹೊರಗೆ ಹರಡಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ಮುಳುಗಿಸಿಡಬೇಕು.

ಇನ್ನು ಚಾಕ್ ಪೇಂಟ್. ಅದಕ್ಕೆ ಆರಿಸಿಕೊಂಡದ್ದು ಹಳೆಯ ಹಸಿರು ಎನಾಮಲ್ ಹೊದ್ದ ಒಂದು ಮೇಜು. ಹಳೆಯ ಎನಾಮಲ್‌ಗಳಲ್ಲಿ ಸೀಸ ಇರುವ ಸಂಭವವಿದೆ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ಹಾಗಾಗಿ ಅಂಥ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸುವುದು, ಅದರಲ್ಲೂ ಮಕ್ಕಳಿರುವ ಮನೆಯಲ್ಲಿ, ಸಲ್ಲದು. ಕೆರೆಯದೆ ಹಚ್ಚಬಹುದೆಂಬ ಚಾಕ್ ಪೇಂಟಿನ ಗುಣ ನನಗೆ ನಿಜವಾಗಿ ಬೆಲೆಯುಳ್ಳದ್ದೆನಿಸಿದ್ದು ಇಲ್ಲಿಯೇ. ಸೋಪಿನ ನೀರಿನಿಂದ ಜಿಡ್ಡು ತೆಗೆದು, ಎದ್ದ ಚಕ್ಕೆಗಳನ್ನು ನೀರು ಹಾಕಿ ಒದ್ದೆಯಾಗಿಯೇ ತೀಡಿ, ಆ ಕೊಳೆಯನ್ನು ಕಾಗದದಲ್ಲಿ ಒರೆಸಿ ಕಟ್ಟಿ ಎಸೆದು, ಅದರ ಮೇಲೆ ಹಚ್ಚಿದೆ.

ಬಣ್ಣವನ್ನು ನಾನೇ ಕಲಸಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಪುಟ್ಟಿಗೆಂದು ಮಾರುವ ಚಾಕ್ ಪೌಡರನ್ನು ಮೊದಲು ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಗೋಡೆಗೆ ಹಚ್ಚುವ, ಹೊಳಪಿಲ್ಲದ ಮ್ಯಾಟ್ ಎಮಲ್ಷನ್ ಮೂರು ಪಾಲಿಗೆ ಒಂದು ಪಾಲು ಪುಡಿಯ ಲೆಕ್ಕದಲ್ಲಿ ಬೆರೆಸಿದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕುವವರೂ ಇದ್ದಾರೆ; ಅದು ಡಬ್ಬಿಯಲ್ಲೇ ಗಟ್ಟಿಯಾಗತೊಡಗುವುದರಿಂದ ಅವಸರದ ಕೆಲಸವಾಗುತ್ತದೆ. ಚಾಕ್ ಪೌಡರ್ ಹಾಕಿದ ಬಣ್ಣ ಮುಚ್ಚಿಟ್ಟರೆ ಮತ್ತೊಂದು ದಿನಕ್ಕೂ ಬರುತ್ತದೆ. ಹಚ್ಚುವುದರಲ್ಲಿ ಹೆಚ್ಚು ಹೇಳುವಂಥದ್ದೇನಿಲ್ಲ: ಎರಡು ತೆಳು ಕೋಟ್, ನಡುವೆ ಪೂರ್ತಿ ಒಣಗಲು ಬಿಡುವು.

ಹೇಳಬೇಕಾದದ್ದು ಮರದಿಂದ ಏಳುವ ಕಲೆಯ ಬಗ್ಗೆ. ಹಲಸಿನ ಬೆಂಚೊಂದಕ್ಕೆ ಬಿಳಿ ಹಚ್ಚುವ ಯೋಚನೆಯಿದ್ದುದರಿಂದ ಮೊದಲು ಅದೇ ಮರದ ತುಂಡೊಂದಕ್ಕೆ ಹಚ್ಚಿ ನೋಡಿದೆ. ಸಂಜೆ ಅಚ್ಚ ಬಿಳಿಯಾಗಿದ್ದ ತುಂಡು ಬೆಳಿಗ್ಗೆ ಗಂಟಿನ ಸುತ್ತ ಹಳದಿಯಾಗಿತ್ತು. ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಕಟ್ಟುತ್ತಿದ್ದುದು ಹಲಸಿನ ಮರದ ಇದೇ ತಿರುಳಿನಿಂದ. ನೀರಿನ ಬಣ್ಣ ಸೋಕಿದಾಗ ಅದು ಮೇಲೇರುವುದರಲ್ಲಿ ಆಶ್ಚರ್ಯವಿಲ್ಲ. ಇನ್ನೊಂದು ಕೋಟ್ ಹಚ್ಚಿದರೂ ಅದು ನಿಲ್ಲುವುದಿಲ್ಲ. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ ಪಾಲಿಶನ್ನು ಮೊದಲು ಎರಡು ಬಾರಿ ಸವರಿದರೆ ಕಲೆಗೆ ತಡೆಯಾಗುತ್ತದೆ. ಮೇಣ ತೆಗೆದ ಅರಗಾದರೆ ಮೇಲಿನ ಬಣ್ಣ ಇನ್ನೂ ಚೆನ್ನಾಗಿ ಹಿಡಿಯುತ್ತದೆ. ಆದರೆ ಅರಗು ಹಚ್ಚಿದ ಮೇಲೆ ಮರ ಬರಿದಲ್ಲ, ಮಿಲ್ಕ್ ಪೇಂಟಿಗೆ ಅಲ್ಲಿ ಹಿಡಿತ ಸಿಗುವುದಿಲ್ಲ. ಆದ್ದರಿಂದ ಹಲಸಿಗೆ ತಿಳಿಬಣ್ಣ ಬೇಕೆಂದರೆ ಚಾಕ್ ಪೇಂಟ್, ಕೆಂಪೋ ಕಪ್ಪೋ ಆದರೆ ಮಿಲ್ಕ್ ಪೇಂಟೂ ಆದೀತು ಎಂದು ಇಟ್ಟುಕೊಂಡಿದ್ದೇನೆ.

ಮಡಿಕೇರಿಯ ಸುತ್ತ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆಯಲ್ಲಿ ಈ ಎರಡು ಬಣ್ಣಗಳ ನಿಜವಾದ ಪರೀಕ್ಷೆ ಜೂನ್‌ನಿಂದ ಶುರುವಾಗುತ್ತದೆ. ಹೊಸದಾಗಿ ಹಚ್ಚಿದ ಸುಣ್ಣದ ಖಾರಕ್ಕೆ ಬೂಷ್ಟು ಹತ್ತಿರ ಬರುವುದಿಲ್ಲ. ಕಾಲ ಕಳೆದಂತೆ ಸುಣ್ಣ ಗಾಳಿಗೆ ಮಾಗಿ ಆ ಖಾರ ಕಳೆದುಕೊಂಡಾಗ ಹಾಲಿನ ಪ್ರೋಟೀನೂ ಅಗಸೆ ಎಣ್ಣೆಯೂ ಬೂಷ್ಟಿಗೆ ಆಹಾರವೇ. ಒಲೆಯ ಬಿಸಿ ತಾಗುವ ಅಡುಗೆಮನೆಯಲ್ಲಿ ಕಪಾಟು ಚೆನ್ನಾಗಿಯೇ ಇದೆ, ಹಿಂಬದಿ ಮಾತ್ರ ಗೋಡೆಗೆ ತಾಗದಂತೆ ನಾಲ್ಕು ಬೆರಳು ಜಾಗ ಬಿಟ್ಟಿದ್ದೇನೆ. ಗಾಳಿಯಾಡದ ಕೋಣೆಗೆ ಮಿಲ್ಕ್ ಪೇಂಟ್ ಹಚ್ಚಿದ್ದನ್ನು ನಾನು ಇಡಲಾರೆ. ಕೆಲಸಕ್ಕೆ ಒಳ್ಳೆಯ ಕಾಲ ಜನವರಿಯಿಂದ ಮಾರ್ಚ್, ಆದರೆ ಕಾಫಿ ಕೊಯ್ಲು ಮುಗಿಯುವವರೆಗೆ ಮನೆಯಲ್ಲಿ ಯಾರಿಗೂ ಕೈ ಬಿಡುವಿರುವುದಿಲ್ಲ. ಹೀಗಾಗಿ ಉಳಿಯುವುದು ಕೊಯ್ಲಿಗೂ, ಕಾಫಿ ಗಿಡ ಹೂ ಬಿಡುವಂತೆ ಮಾಡುವ ಹೂಮಳೆಗೂ ನಡುವಿನ ಸಣ್ಣ ಅವಧಿ.

ಚಾಕ್ ಪೇಂಟಿನ ಮೇಲೆ ಮೇಣ ಹಚ್ಚುವುದು ರೂಢಿ. ಜೇನುಮೇಣ ನಮ್ಮಲ್ಲಿ ಸಿಗುತ್ತದೆ. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ, ಬೆಂಕಿಯಿಂದ ದೂರ ತಂದ ಮೇಲೆ ಟರ್ಪೆಂಟೈನ್ ಬೆರೆಸಿ ಮುಲಾಮಿನ ಹದಕ್ಕೆ ತಂದುಕೊಳ್ಳಬಹುದು. ಮೇಜಿನ ಕಾಲುಗಳಿಗೂ ಡ್ರಾಯರಿಗೂ ಅದನ್ನೇ ಹಚ್ಚಿದೆ. ಮೇಲ್ಹಲಗೆಗೆ ಹಚ್ಚಲಿಲ್ಲ: ಜೇನುಮೇಣ ಕರಗುವುದು ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನಮ್ಮ ಮನೆಯ ಕಾಫಿ ಲೋಟ ಅದಕ್ಕಿಂತ ಬಿಸಿಯಾಗಿಯೇ ಮೇಜಿಗೆ ಬರುತ್ತದೆ. ಅಲ್ಲಿಗೆ ನೀರಿನಲ್ಲಿ ಬೆರೆಯುವ ಪಾಲಿಯುರೆಥೇನ್ ಬಳಸಿದೆ. ಎಣ್ಣೆ ಮೂಲದ್ದಾದರೆ ತಿಳಿಬಣ್ಣವನ್ನು ಹಳದಿಗೆ ತಿರುಗಿಸುತ್ತದೆ. ಹಚ್ಚಿ ಎರಡು ಮೂರು ವಾರ ಮೇಜಿನ ಮೇಲೆ ಭಾರದ ವಸ್ತುಗಳನ್ನು ಇಡದಿರುವುದು ಕ್ಷೇಮ.

ಬೀಟೆಗೆ ಮಾತ್ರ ನಾನು ಇವೆರಡನ್ನೂ ಹಚ್ಚುವುದಿಲ್ಲ. ಬರಿಮರದೊಳಗೆ ಇಳಿದ ಮಿಲ್ಕ್ ಪೇಂಟನ್ನು ಉಳಿಹತ್ತರಿ ಹಿಡಿದು ಮರವನ್ನೇ ಹೆರೆಯದೆ ಪೂರ್ತಿ ತೆಗೆಯಲಾಗದು, ಮತ್ತು ಹಳೆಯ ಬೀಟೆಯನ್ನು ಹೆರೆದು ಕಳೆಯಲು ಮನಸ್ಸು ಬರುವುದಿಲ್ಲ. ಅಂಥ ಸಾಮಾನಿಗೆ ಮಂಕು ಕವಿದಾಗ, ಹವೆ ಒಣಗಿರುವ ದಿನ ನೋಡಿ ಆಚಾರಿಯನ್ನು ಕರೆಸಿ ಅರಗಿನ ಪಾಲಿಶನ್ನೇ ಇನ್ನೊಮ್ಮೆ ಮಾಡಿಸುತ್ತೇನೆ. ತೇವದ ದಿನ ಹಚ್ಚಿದ ಅರಗು ಬೆಳ್ಳಗೆ ಮಂಜುಗಟ್ಟುತ್ತದೆ.