ಸಂಪಾಜೆ ಹೊಳೆಯ ಬೆನ್ನು ಹಿಡಿದು ಅಳಿವೆಗೆ: ಹಕ್ಕಿ ಹಾರಿಸದೆ ಹಕ್ಕಿ ತೋರಿಸಿದ ನನ್ನ ಅನುಭವ

ಕೊಡಗಿನ ಹೋಂಸ್ಟೇಯವನು ಹೊಳೆ ಕಡಲು ಸೇರುವ ಅಳಿವೆಯಲ್ಲಿ ಹಕ್ಕಿ ತೋರಿಸುತ್ತೇನೆ ಎಂದು ಹೊರಟರೆ ಯಾರಾದರೂ ನಗುತ್ತಾರೆ. ನಮ್ಮ ಚಿಕ್ಕಪ್ಪನೇ, "ಎಂತ ಮಾರಾಯ, ದುಬಾರೆಗೆ ಕರ್ಕೊಂಡು ಹೋಗಿ ಆನೆ ತೋರಿಸಿದ್ರೆ ಆಗಲ್ವಾ? ಕಾಸರಗೋಡಿನ ಕೆಸರು ತೋರಿಸಿ ದುಡ್ಡು ಕೇಳ್ತೀಯಾ?" ಎಂದಿದ್ದರು. ಈ ಸಲ ಹುತ್ತರಿ ಹಬ್ಬ ಕಳೆದ ಮೇಲೆ ಶಿವರಾತ್ರಿಯವರೆಗೆ ಕರೆದುಕೊಂಡು ಹೋದ ಗುಂಪುಗಳಲ್ಲಿ ಹೆಚ್ಚಿನವಕ್ಕೆ ಕೆಸರಲ್ಲಿ ಮೇಯುವ ಗದ್ದೆಗೊರವ ಹಕ್ಕಿಗಳು ಮೂವತ್ತು ನಲವತ್ತು ಅಡಿ ದೂರಕ್ಕೆ ತಾವಾಗಿಯೇ ನಡೆದು ಬಂದವು. ಹೋಂಸ್ಟೇ ನಡೆಸುವ ನಮ್ಮವರು ಇದನ್ನು ಮಾಡಿ ನೋಡಬಹುದು ಅನ್ನಿಸಿ ಬರೆಯುತ್ತಿದ್ದೇನೆ. ಬೈನಾಕ್ಯುಲರ್ ಹಿಡಿಯುವುದು ಹೇಗೆ ಎಂಬಲ್ಲಿಂದ ಶುರು ಮಾಡುವುದಿಲ್ಲ.

ಅಷ್ಟು ದೂರ ಯಾಕೆ ಎಂದರೆ, ಅದು ನಮ್ಮದೇ ನೀರು. ಪಯಸ್ವಿನಿ, ಅಂದರೆ ಸಂಪಾಜೆ ಹೊಳೆ, ಇಲ್ಲಿನ ಬೆಟ್ಟದಲ್ಲಿ ಹುಟ್ಟಿ, ಸಂಪಾಜೆ, ಸುಳ್ಯ, ಜಾಲ್ಸೂರು ದಾಟಿ, ಚಂದ್ರಗಿರಿ ಹೊಳೆಯಾಗಿ ಕಾಸರಗೋಡಿನ ಪಕ್ಕ ಕಡಲು ಸೇರುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದಲ್ಲಿ ಗುಡ್ಡ ಜರಿದು ಹೊಳೆ ಕೆಂಪಾಗಿ ಹರಿದಾಗ, ಈ ಮಣ್ಣೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಅತಿಥಿಯೊಬ್ಬರು ಕೇಳಿದ್ದರು. ತಲೆಗೆ ಹುಳ ಬಿಟ್ಟವರು ಅವರೇ. ಮಡಿಕೇರಿಯಿಂದ ನೂರು ಕಿಲೋಮೀಟರ್ ಚಿಲ್ಲರೆ, ಘಾಟಿ ಸೇರಿ ಮೂರು ಗಂಟೆಯ ದಾರಿ.

ಮೊದಲ ಸೀಸನ್ ಪೂರ್ತಿ ನಷ್ಟ. ತಿಂಡಿ ಮುಗಿಸಿ ನಿಧಾನಕ್ಕೆ ಹೊರಡುವ ಅಭ್ಯಾಸದ ಅತಿಥಿಗಳು. ತಲುಪುವಾಗ ಒಂದೋ ಉಬ್ಬರ ತುಂಬಿ ಕೆಸರೇ ಕಾಣುತ್ತಿರಲಿಲ್ಲ, ಇಲ್ಲವೇ ಇಳಿತದಲ್ಲಿ ಹಕ್ಕಿಗಳು ಕಡ್ಲೆಕಾಳಿನ ಹಾಗೆ ಕಾಣುವಷ್ಟು ದೂರ. ಮೊಬೈಲ್ ಹಿಡಿದು ನಾಲ್ಕು ಹೆಜ್ಜೆ ಮುಂದೆ ಹೋದರೆ ಇಡೀ ಹಿಂಡು ಎದ್ದು ಹೊಳೆಯ ಆಚೆ ದಡಕ್ಕೆ. ಟೆಂಪೋ ಟ್ರಾವೆಲರ್‌ಗೆ ದಿನಕ್ಕೆ ಒಂಬತ್ತು, ಹತ್ತು ಸಾವಿರ, ಗಡಿ ದಾಟುವ ಪರ್ಮಿಟ್ ಬೇರೆ, ಮೀನೂಟ ಬೇರೆ. ದೂರ ಇದ್ದರೇನಂತೆ ಎಂದು ಇಪ್ಪತ್ತೆಂಟು ಸಾವಿರದ ಹತ್ತಿರ ಕೊಟ್ಟು ದೂರದ ಹಕ್ಕಿ ನೋಡುವ ದುರ್ಬೀನು, ಸ್ಪಾಟಿಂಗ್ ಸ್ಕೋಪ್ ತಂದೆ. ಮಧ್ಯಾಹ್ನದ ಬಿಸಿಲಿಗೆ ಮರಳ ಮೇಲಿನ ಗಾಳಿಯೇ ಕುದಿಯುವಾಗ ಸ್ಕೋಪಿನಲ್ಲಿ ಹಕ್ಕಿಯೂ ಕುದಿಯುತ್ತದೆ, ಕೊಕ್ಕು ಯಾವುದು ಕಾಲು ಯಾವುದು ಗೊತ್ತಾಗುವುದಿಲ್ಲ. ಅದೀಗ ಅಟ್ಟದ ಮೇಲಿದೆ. ಆಮೇಲೆ ಇಂಜಿನ್ ದೋಣಿ ಮಾಡಿ ನೋಡಿದ್ದಾಯಿತು. ಗಂಟೆಗೆ ಎರಡು ಸಾವಿರದ ಲೆಕ್ಕದಲ್ಲಿ ಹಕ್ಕಿ ಓಡಿಸಿದ ಹಾಗಾಯಿತು, ಅಷ್ಟೇ.

ಕೆಲಸಕ್ಕೆ ಬಂದದ್ದು ಗೋಡೆಯ ಪಂಚಾಂಗ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುತ್ತ ಏರಿಳಿತ ಕಡಿಮೆ. ದಿನಕ್ಕೆ ಎರಡು ಉಬ್ಬರ, ಮರುದಿನ ಸುಮಾರು ಐವತ್ತು ನಿಮಿಷ ತಡ. ತಿಥಿ ನೋಡಿ ದಿನ ಗೊತ್ತು ಮಾಡುತ್ತೇನೆ, ಗಂಟೆಗೆ ಹೈದರಾಬಾದಿನ ಕಡಲ ಮಾಹಿತಿ ಸಂಸ್ಥೆ ಇನ್‌ಕೋಯಿಸ್‌ನ ಉಬ್ಬರವಿಳಿತದ ಪಟ್ಟಿ. ಆದರೆ ಪಟ್ಟಿಯ ಗಂಟೆ ಕಡಲ ಬಾಯಿಯದು. ಒಳಗೆ ಹೊಳೆಗೆ ನೀರು ಏರುವುದು ತಡವಾಗಿ. ಎಷ್ಟು ತಡ ಎನ್ನುವುದು ಕೋಲು ನೆಟ್ಟು, ಗೆರೆ ಹಾಕಿ ನಾನು ಕಂಡುಕೊಂಡದ್ದು. ಅದನ್ನು ಇಲ್ಲಿ ಹೇಳುವುದಿಲ್ಲ. ನಾನು ಕೂರುವ ಜಾಗವನ್ನೂ ಕೇಳಬೇಡಿ.

ಮಾಡುವುದಿಷ್ಟೇ. ಉಬ್ಬರ ತುಂಬುವುದಕ್ಕೆ ಗಂಟೆ ಒಂದೂವರೆ ಗಂಟೆ ಮೊದಲೇ ಹೋಗಿ, ಹಿಂದಿನ ಉಬ್ಬರ ಬಿಟ್ಟುಹೋದ ಕಸದ ಗೆರೆಗಿಂತ ಮೇಲೆ ಕೂತುಬಿಡಬೇಕು. ಆಮೇಲೆ ಏಳುವ ಹಾಗಿಲ್ಲ. ಇಳಿತದಲ್ಲಿ ಕೆಸರಿನ ಹುಳ, ಏಡಿ ಹೆಕ್ಕುತ್ತಿದ್ದ ಹಕ್ಕಿಗಳನ್ನು ಏರುವ ನೀರೇ ದಡಕ್ಕೆ ತಳ್ಳುತ್ತದೆ. ನಾವು ಅವುಗಳ ಹತ್ತಿರ ಹೋಗುವುದಲ್ಲ, ಅವು ನಮ್ಮ ಹತ್ತಿರ ಬರುವುದು. ಕಾಫಿ ಮೂಟೆಯ ಗೋಣಿತಾಟು ಹಾಸಿ, ತಲೆ ಮೇಲೊಂದು ಗೋಣಿ ಕೊಪ್ಪೆ. ಮರಳಿನ ಬಣ್ಣವೇ. ಬೆಂಗಳೂರಿನ ಅತಿಥಿಗಳು ಮೊದಲು ಮುಖ ಸಿಂಡರಿಸಿದರೂ ಕೊನೆಗೆ ಕೊಪ್ಪೆ ಹಾಕಿಯೇ ಸೆಲ್ಫಿ ತೆಗೆದುಕೊಂಡರು. ಸಾವಿರಾರು ರೂಪಾಯಿಯ ಕ್ಯಾಮೊಫ್ಲಾಜ್ ಬಟ್ಟೆ ಯಾರೂ ಕೊಳ್ಳಬೇಕಾಗಿಲ್ಲ.

ಹಕ್ಕಿಗಳ ತಲೆ ನೋಡುತ್ತಿರಬೇಕು. ಮೇಯುತ್ತಿದ್ದವು ಒಟ್ಟಿಗೆ ಕತ್ತೆತ್ತಿದರೆ, ಇದ್ದಲ್ಲೇ ಕಲ್ಲಾಗಿ. ಆಗಲೂ ಕೈ ಆಡಿಸಿದರೆ ಒಂದು ಹಾರುತ್ತದೆ, ಹಿಂದೆಯೇ ಎಲ್ಲವೂ. ಉತ್ತರದ ಚಳಿ ದೇಶಗಳಿಂದ ಬಂದು, ಬೇಸಿಗೆಗೆ ವಾಪಸು ಹಾರಲು ಮೈಯಲ್ಲಿ ಕೊಬ್ಬು ಕೂಡಿಡುವ ಜೀವಗಳು. ನಾವು ಎಬ್ಬಿಸಿದಷ್ಟೂ ಅದು ಕರಗುತ್ತದೆ. ಬುತ್ತಿ ವಾಹನದಲ್ಲೇ ಇರಲಿ. ಅಕ್ಕಿಯ ಕಡಂಬಿಟ್ಟಿನ ಒಂದು ತುಂಡು ಬಿದ್ದರೂ ಕಾಗೆ, ಹಿಂದೆಯೇ ನಾಯಿ. ನಾಯಿ ಬಂದರೆ ಅವತ್ತಿನ ಆಟ ಮುಗಿಯಿತು. ಮಾರ್ಚ್ ಬಂದ ಮೇಲೆ ಒಣ ಮರಳಿನ ದಿಬ್ಬಕ್ಕೆ ನಾನು ಯಾರನ್ನೂ ಹತ್ತಿಸುವುದಿಲ್ಲ. ಬರಿ ಮರಳಲ್ಲೇ ಮೊಟ್ಟೆ ಇಡುವ ಹಕ್ಕಿಗಳಿವೆ, ಕಾಲ ಕೆಳಗೆ ಬಂದರೂ ತಿಳಿಯದು.

ಇನ್ನು ಜೀವದ ಮಾತು. ಹೊಳೆ ಗುಂಡಿಯಲ್ಲಿ ಈಜು ಕಲಿತ ನಮ್ಮ ಹುಡುಗರಿಗೆ ಧೈರ್ಯ ಜಾಸ್ತಿ. ಅಳಿವೆ ಬಾಯಿಯಲ್ಲಿ ಇಳಿತದ ಹೊತ್ತು ಹೊಳೆ ನೀರೂ ಉಬ್ಬರದ ನೀರೂ ಸೇರಿ ಹೊರಗೆ ಎಳೆಯುತ್ತವೆ, ಎದುರಿಂದ ಕಡಲ ತೆರೆ. ಅಲ್ಲಿ ಮೊಣಕಾಲುದ್ದ ನೀರಿಗೂ ನಾನು ಬಿಡುವುದಿಲ್ಲ. ಮರಳುದಿಬ್ಬದ್ದು ಇನ್ನೊಂದು ಮೋಸ: ಕಡಲ ಕಡೆ ಮುಖ ಮಾಡಿ ನಿಂತಿದ್ದರೆ, ಬೆನ್ನ ಹಿಂದಿನ ತಗ್ಗಿಗೆ ನೀರು ಮೊದಲು ತುಂಬಿ ದಾರಿ ಕಡಿಯುತ್ತದೆ. ದಿಬ್ಬಕ್ಕೆ ಹೋಗುವುದಿದ್ದರೆ ಇಳಿಯುವ ನೀರಿನ ಹಿಂದೆ ಹೋಗಿ, ನೀರು ತಿರುಗುವ ಮೊದಲೇ ವಾಪಸು. ಗಾಳಿ ಮಳೆ ಇಲ್ಲದೆ ತೆರೆ ಉಕ್ಕುವುದೂ ಉಂಟು, ಅಲ್ಲಿನವರು ಕಳ್ಳಕ್ಕಡಲ್ ಅನ್ನುತ್ತಾರೆ. ಅದರ ಮುನ್ನೆಚ್ಚರಿಕೆ ಬಂದಿದ್ದರೆ ಮುಂಗಡ ವಾಪಸು ಕೊಟ್ಟು ಟ್ರಿಪ್ ರದ್ದು. ಪಟ್ಟಿ ಏನೇ ಹೇಳಲಿ, ಬಲೆ ಬೀಸುವವರು ಬೇಡ ಅಂದರೆ ಬೇಡ.

ನಡುವೆ ಒಂದು ತಮಾಷೆ. ತೋಟದ ನೀರಿಗೆಂದು ತಂದ, ನೀರಲ್ಲಿ ಕರಗಿದ ಉಪ್ಪು ಲವಣ ಅಳೆಯುವ ಟಿಡಿಎಸ್ ಮೀಟರನ್ನು ದಾರಿಯುದ್ದಕ್ಕೂ ಅದ್ದುತ್ತಾ ಹೋದೆ. ಸಂಪಾಜೆಯಲ್ಲಿ ಐವತ್ತರ ಒಳಗೆ, ಜಾಲ್ಸೂರಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಚಂದ್ರಗಿರಿ ಸೇತುವೆ ಹತ್ತಿರ ಮೀಟರ್ ಲೆಕ್ಕ ಮೀರಿ ಕೈಚೆಲ್ಲಿತು. ಬೇಸಿಗೆಯಲ್ಲಿ ಉಪ್ಪು ಹೊಳೆಯೊಳಗೆ ಬಹಳ ದೂರ ಏರುತ್ತದೆ, ಅದನ್ನು ತಡೆಯಲೆಂದೇ ಬಾವಿಕ್ಕರದಲ್ಲಿ ಒಡ್ಡು ಕಟ್ಟಿದ್ದಾರೆ. ಈಗ ಮೀಟರನ್ನು ಅತಿಥಿಗಳ ಮಕ್ಕಳ ಕೈಗೆ ಕೊಡುತ್ತೇನೆ. ಅಳಿವೆ ತಲುಪುವವರೆಗೆ ಅವರು ಮೊಬೈಲ್ ಕೇಳುವುದಿಲ್ಲ. ಜಿಗಣೆ ಸಾಕ್ಸ್ ಹಾಕಿ ಕೆಸರಿಗೆ ಇಳಿಸಿದ್ದು ಮಾತ್ರ ದಂಡ, ಒಳಗೆ ಮರಳು ತುಂಬಿ ಒಂದೊಂದು ಕಾಲೂ ಎರಡು ಕೆಜಿ.

ಈಗಿನ ಲೆಕ್ಕ: ಗುಂಪಿಗೆ ಎಂಟೇ ಜನ, ತಲೆಗೆ ಎರಡೂವರೆ ಸಾವಿರ, ಊಟ ಸೇರಿ. ಖರ್ಚು ಕಳೆದು ಕೈಯಲ್ಲಿ ನಾಲ್ಕೈದು ಸಾವಿರ ಉಳಿಯುತ್ತದೆ. ಹನ್ನೆರಡು ಜನರನ್ನು ತುಂಬಿದರೆ ಜಾಸ್ತಿ ಸಿಗುತ್ತದೆ ನಿಜ, ಆದರೆ ಅಷ್ಟು ಜನರನ್ನು ಎರಡು ಗಂಟೆ ಅಲುಗದೆ ಕೂರಿಸುವುದು ನನ್ನಿಂದ ಆಗಿಲ್ಲ. ಉಬ್ಬರ ಬೆಳಿಗ್ಗೆ ಬೇಗ ಬಿದ್ದರೆ ರಾತ್ರಿ ಎರಡೂವರೆಗೇ ಮಡಿಕೇರಿ ಬಿಡಬೇಕು. ಅದಕ್ಕೆ ಒಪ್ಪದವರಿಗೆ ಚಿಕ್ಕಪ್ಪ ಹೇಳಿದ ಹಾಗೆ ದುಬಾರೆಯ ದಾರಿ ತೋರಿಸುತ್ತೇನೆ.