ತಮ್ಮನ ಸ್ಲೇಟು, ನನ್ನ ಸೆಕೆಂಡ್ ಪಿಯುಸಿ

ಸೆಕೆಂಡ್ ಪಿಯುಸಿ ಪ್ರಿಪರೇಟರಿಯಲ್ಲಿ ಕೆಮಿಸ್ಟ್ರಿಗೆ ನನಗೆ ಬಂದಿದ್ದು 70ಕ್ಕೆ 19. ಓದದೆ ಹೋಗಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಆರ್ಗ್ಯಾನಿಕ್ ಪಾಠಗಳನ್ನು ನಾಲ್ಕು ಸಲ ಓದಿದ್ದೆ. ಮುಖ್ಯ ಅನ್ನಿಸಿದ ಸಾಲುಗಳಿಗೆಲ್ಲ ಹಳದಿ ಬಣ್ಣ ಬಳಿದಿದ್ದೆ. ಪರೀಕ್ಷೆಗೆ ಕೂತಾಗ ಆ ಹಳದಿ ಪುಟದ ಯಾವ ಮೂಲೆಯಲ್ಲಿತ್ತು ಅನ್ನೋದು ಕಣ್ಣಿಗೆ ಕಟ್ಟುತ್ತಿತ್ತು. ಅಲ್ಲಿ ಏನು ಬರೆದಿತ್ತು ಅನ್ನೋದು ಹೊಳೆಯುತ್ತಿರಲಿಲ್ಲ. ಅಂಗೈ ಬೆವರಿಗೆ ಉತ್ತರಪತ್ರಿಕೆಯ ಅಂಚು ಒದ್ದೆಯಾಗಿತ್ತು.

ನಮ್ಮೂರು ಶಿಡ್ಲಘಟ್ಟ ತಾಲೂಕಿನಲ್ಲಿ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಆಮೇಲೆ ಚಿಕ್ಕಬಳ್ಳಾಪುರದಲ್ಲಿ ಪಿಯು ಸೈನ್ಸ್. 'ವೇಗೋತ್ಕರ್ಷ' ಅಂತ ಕಲಿತಿದ್ದು ಏಕಾಏಕಿ 'ಆಕ್ಸಲರೇಷನ್' ಆಯಿತು. ಗೊತ್ತಿರೋ ವಿಷಯವೂ ಗೊತ್ತಿಲ್ಲದ ಹಾಗೆ ಕಾಣುತ್ತಿತ್ತು. ನಮ್ಮ ಕಡೆಯ ಎಷ್ಟೋ ಮಕ್ಕಳು ತಮಗೆ ತಲೆ ಇಲ್ಲ ಅಂದುಕೊಳ್ಳೋದು ಇಲ್ಲೇ. ಭಾಷೆ ಬದಲಾಗಿದ್ದಕ್ಕೆ ಹೀಗಾಗುತ್ತಿದೆ ಅಂತ ಯಾರಾದರೂ ಬಿಡಿಸಿ ಹೇಳಿದ್ದರೆ ಅರ್ಧ ಭಯ ಅಲ್ಲೇ ಹೋಗುತ್ತಿತ್ತು.

ಮಾರ್ಕ್ಸ್ ಬಂದ ವಾರ ಪುಸ್ತಕ ಮುಟ್ಟೋಕೇ ಆಗಲಿಲ್ಲ. ಒಂದು ಸಂಜೆ ತಮ್ಮ ಜಗಲಿಯಲ್ಲಿ ಸ್ಲೇಟು ಹಿಡಿದು ಮಗ್ಗಿ ಬರೆಯುತ್ತಿದ್ದ. ಬರೆಯೋದು, ಅಮ್ಮನಿಗೆ ತೋರಿಸೋದು, ತಪ್ಪಾದರೆ ಅಳಿಸಿ ಮತ್ತೆ ಬರೆಯೋದು. ಅವನು ಮಲಗಿದ ಮೇಲೆ ಆ ಸ್ಲೇಟು ತೆಗೆದುಕೊಂಡೆ. ಪುಸ್ತಕ ಮುಚ್ಚಿಟ್ಟು, ಆಲ್ಡಿಹೈಡ್ ಅನ್ನೋ ಸಂಯುಕ್ತಗಳು ಕ್ಷಾರದಲ್ಲಿ ಬದಲಾಗುವ ಕ್ಯಾನಿಝಾರೋ ರಿಯಾಕ್ಷನ್ ಬರೆಯೋಣ ಅಂತ ಕೂತೆ. ಬಳಪ ಮುಂದಕ್ಕೆ ಹೋಗಲಿಲ್ಲ. ಬಂದಷ್ಟು ಬರೆದು ಪುಸ್ತಕ ತೆಗೆದು ನೋಡಿದರೆ, ನಾನು ಬರೆದಿದ್ದು ಆಲ್ಡಿಹೈಡಿನದೇ ಇನ್ನೊಂದು, ಆಲ್ಡೋಲ್ ರಿಯಾಕ್ಷನ್! ನಾಲ್ಕು ಸಲ ಓದಿದರೂ ಅವೆರಡನ್ನೂ ಕಲಸಿಕೊಂಡಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ.

ಆಗ ಕನ್ನಡದಲ್ಲೇ ಒಂದು ಪ್ರಶ್ನೆ ಹಾಕಿಕೊಂಡೆ: 'ಆಲ್ಡಿಹೈಡಿಗೆ ಆಲ್ಫಾ ಹೈಡ್ರೋಜನ್ ಇದೆಯಾ, ಇಲ್ವಾ?' ಅಂದರೆ ಆಲ್ಡಿಹೈಡ್ ಗುಂಪಿನ ಪಕ್ಕದ ಕಾರ್ಬನ್ನಿಗೆ ಅಂಟಿದ ಹೈಡ್ರೋಜನ್. ಇದ್ದರೆ ಆಲ್ಡೋಲ್. ಇಲ್ಲದಿದ್ದರೆ, ಗಾಢ ಕ್ಷಾರದಲ್ಲಿ ಕ್ಯಾನಿಝಾರೋ. ಎರಡು ಫಾರ್ಮಾಲ್ಡಿಹೈಡ್ ಅಣುಗಳಲ್ಲಿ ಒಂದು ಮೆಥನಾಲ್ ಆಗುತ್ತದೆ, ಇನ್ನೊಂದು ಸೋಡಿಯಂ ಫಾರ್ಮೇಟ್ ಆಗುತ್ತದೆ. ಅಳಿಸಿದೆ, ಮತ್ತೆ ಬರೆದೆ. ಮೂರನೇ ಸಲಕ್ಕೆ ನೋಡದೆ ಬಂತು. ಅವತ್ತು ರಾತ್ರಿ ಎದೆ ಸ್ವಲ್ಪ ಹಗುರಾಗಿದ್ದು ಇವತ್ತಿಗೂ ನೆನಪಿದೆ.

ಮಾರನೇ ದಿನದಿಂದ ಅದೇ ಪದ್ಧತಿ. ಒಂದು ಪಾಠ ಓದಿದರೆ ಅವತ್ತೇ ಸ್ಲೇಟಿನ ಮೇಲೆ, ಮೂರನೇ ದಿನ ಇನ್ನೊಮ್ಮೆ, ವಾರ ಬಿಟ್ಟು ಮತ್ತೊಮ್ಮೆ. ತಪ್ಪಾದದ್ದು ಮಾತ್ರ ಒಂದು ಚಿಕ್ಕ ನೋಟ್‌ಬುಕ್ಕಿಗೆ ಹೋಗುತ್ತಿತ್ತು. ಬಸ್ಸಿನಲ್ಲಿ ಅದನ್ನು ತೆರೆದು ಓದುತ್ತಿರಲಿಲ್ಲ. ಮುಚ್ಚಿಟ್ಟು ನೆನಪಿಸಿಕೊಂಡು, ಆಮೇಲೆ ತೆಗೆದು ಸರಿನೋಡುತ್ತಿದ್ದೆ. ಭಾನುವಾರ ಮಾತ್ರ ಗಡಿಯಾರ ಇಟ್ಟುಕೊಂಡು ಒಂದು ಹಳೇ ಪ್ರಶ್ನೆಪತ್ರಿಕೆ. ಮುಂದೆ ಬಿ.ಇಡಿ ಓದುವಾಗ ಗೊತ್ತಾಯಿತು, ಕಲಿತದ್ದು ಮರೆತುಹೋಗುವ ವೇಗವನ್ನು ಎಬ್ಬಿಂಗ್‌ಹೌಸ್ ಅನ್ನೋ ಜರ್ಮನ್ ವಿಜ್ಞಾನಿ 1885ರಲ್ಲೇ ಅಳೆದಿದ್ದರು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು ಕಾಲೇಜು ಮಕ್ಕಳನ್ನೇ ಇಟ್ಟುಕೊಂಡು ಪರೀಕ್ಷಿಸಿದರು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರೇ ಮುಂದೆ. ವಾರ ಬಿಟ್ಟು ಕೇಳಿದರೆ, ಓದಿದ್ದನ್ನು ನೋಡದೆ ಬರೆದು ಅಭ್ಯಾಸ ಮಾಡಿದವರು ಮುಂದೆ. ಓದುತ್ತಾ ಓದುತ್ತಾ 'ಎಲ್ಲ ಬಂತು' ಅನ್ನಿಸೋದು ಯಾಕೆ ಅಂತ ಆಗ ಅರ್ಥವಾಯಿತು.

ನಿದ್ದೆ ವಿಷಯದಲ್ಲಿ ಮಾತ್ರ ನಾನು ತುಂಬಾ ಹಟ ಮಾಡಿದೆ. ರಾತ್ರಿ ಎರಡರವರೆಗೆ ಕೂತರೆ ಜಾಸ್ತಿ ಓದಿದ ಹಾಗೆ ಅನ್ನಿಸುತ್ತಿತ್ತು. ಮಾರ್ಚ್ ಶುರುವಿನಲ್ಲಿ ಮನೆಯಲ್ಲಿ ಹುಳು ನಾಲ್ಕನೇ ಜ್ವರಕ್ಕೆ ಕೂತಿತ್ತು. ಜ್ವರ ಅಂದರೆ ಕಾಯಿಲೆಯಲ್ಲ, ಹುಳು ಪೊರೆ ಬಿಡುವ ಹೊತ್ತು. ತಲೆ ಎತ್ತಿಕೊಂಡು ಅಲ್ಲಾಡದೆ ಕೂತುಬಿಡುತ್ತದೆ. ಆ ಒಂದು ದಿನ ಸೊಪ್ಪು ಹಾಕೋದಿಲ್ಲ, ತಟ್ಟೆಗಳನ್ನು ಅಲುಗಿಸೋದೂ ಇಲ್ಲ. ಹುಳದ ಮನೆ ನೋಡಿ ಬಂದ ಅಮ್ಮ ನನ್ನ ಮುಂದಿದ್ದ ಪುಸ್ತಕ ಮುಚ್ಚಿದಳು. 'ಜ್ವರಕ್ಕೆ ಕೂತ ಹುಳಕ್ಕೆ ಯಾರಾದ್ರೂ ಸೊಪ್ಪು ಹಾಕ್ತಾರಾ? ಸುಮ್ನೆ ಮಲ್ಕೋ' ಅಂದಳು. ಅವತ್ತಿಂದ ಹತ್ತೂವರೆಗೆ ಮಲಗಿ ಐದಕ್ಕೆ ಏಳುತ್ತಿದ್ದೆ. ಬೆಳಿಗ್ಗೆ ಸ್ಲೇಟಿನ ಮೇಲೆ ಬರುತ್ತಿದ್ದ ತಪ್ಪುಗಳು ಕಣ್ಣಿಗೆ ಕಾಣುವಷ್ಟು ಕಡಿಮೆಯಾದವು.

ಇಷ್ಟಾದರೂ ಪರೀಕ್ಷೆ ದಿನ ಭಯ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಉಪ್ಪಿಟ್ಟು ಗಂಟಲಲ್ಲಿ ಇಳಿಯಲಿಲ್ಲ, ಒಂದು ಬಾಳೆಹಣ್ಣು ತಿಂದು ಹೊರಟೆ. ಗೇಟಿನ ಹತ್ತಿರ 'ಅದು ಓದಿದ್ಯಾ, ಇದು ಓದಿದ್ಯಾ' ಅನ್ನುವ ಗುಂಪಿಗೆ ಹೋಗದೆ ಮರದ ಕೆಳಗೆ ಕೂತು, ನನ್ನ ಭಯವನ್ನೇ ಒಂದು ಹಾಳೆಯ ಮೇಲೆ ಬರೆದೆ. 'ಫೇಲಾದರೆ ಅಪ್ಪ ಏನಂತಾನೆ' ಅನ್ನೋದೇ ಮೊದಲ ಸಾಲು. ಮಡಚಿ ಬ್ಯಾಗಿಗೆ ಹಾಕಿದೆ. ಪ್ರಶ್ನೆಪತ್ರಿಕೆ ಓದಲು ಆಗ ಕೊಡುತ್ತಿದ್ದ ಮೊದಲ 15 ನಿಮಿಷದಲ್ಲಿ ಕೈ ನಡುಗಿತು. ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡುತ್ತಾ ಹೋದೆ. ಐದಾರು ಸಲಕ್ಕೆ ನಡುಕ ನಿಂತಿತು. ಗೊತ್ತಿರುವ ಪ್ರಶ್ನೆಗಳಿಗೆ ಪೆನ್ಸಿಲಿನಲ್ಲಿ ಚುಕ್ಕಿ ಇಟ್ಟು, ಅಲ್ಲಿಂದಲೇ ಬರೆಯಲು ಶುರು ಮಾಡಿದೆ.

ಕೆಲವರಿಗೆ ಭಯ ಇದಕ್ಕಿಂತ ಆಳವಾಗಿರುತ್ತದೆ. ವಾರಗಟ್ಟಲೆ ನಿದ್ದೆ ಬರದಿದ್ದರೆ, ಬದುಕೇ ಬೇಡ ಅನ್ನಿಸಿದರೆ, ದಯವಿಟ್ಟು ಒಬ್ಬರೇ ಹೊರಬೇಡಿ. ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಇಲ್ಲವೇ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಅನ್ನೋ ಸರ್ಕಾರಿ ಸಹಾಯವಾಣಿ ಅದು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನನ್ನ ಕಾಲಕ್ಕೆ ಅದು ಇರಲಿಲ್ಲ.

ಕೆಮಿಸ್ಟ್ರಿ ಥಿಯರಿಯಲ್ಲಿ 70ಕ್ಕೆ 51 ಬಂತು. ಫಿಸಿಕ್ಸ್‌ನಲ್ಲಿ 38. ಅದು ಸ್ಲೇಟಿಗೆ ಬಂದದ್ದೇ ಕೊನೆಯ ಎರಡು ವಾರದಲ್ಲಿ.