ಕಲಬುರಗಿ ಬಿಸಿಲಾಗ ಈಸ್ಟ್ ಬೆಳೆಸಿದ ನನ್ನ ಅನುಭವ

ಏಪ್ರಿಲ್‌ನಾಗ ಈಸ್ಟ್ ಫ್ಲಾಸ್ಕ್ ಅಲ್ಲಾಡಿಸೋ ಶೇಕರ್ ಮಷೀನ್‌ಗ 30 ಡಿಗ್ರಿ ಸೆಟ್ ಮಾಡಿದ್ರ ಡಿಸ್‌ಪ್ಲೇ 38ರಿಂದ ಇಳೀಲೇ ಇಲ್ಲ, ಕೆಟ್ಟದ ಅಂತ ಮೆಕ್ಯಾನಿಕ್‌ಗ ಫೋನ್ ಹಚ್ಚಿದ್ರ "ಮೇಡಂ, ಇದರಾಗ ಹೀಟರ್ ಅಷ್ಟೇ ಅದ, ಕೂಲಿಂಗ್ ಇಲ್ಲ, ರೂಮೇ ಕಾದದ, ಮಷೀನ್ ಏನ್ ಮಾಡ್ತದ್ರೀ" ಅಂದ. ಎಂಎಸ್ಸಿ ಪ್ರಾಜೆಕ್ಟ್ ಹಿಂಗ ಶುರುವಾತು.

ನಾ ತಗೊಂಡಿದ್ದು ಇನ್ವರ್ಟೇಸ್, ಸಕ್ಕರೀನ ಗ್ಲೂಕೋಸ್ ಮತ್ತ ಫ್ರಕ್ಟೋಸ್ ಅಂತ ಒಡಿಯೋ ಎಂಜೈಮ್. ಈಸ್ಟ್ ಬೇಕರಿದೇ, ಸೂಪರ್ ಮಾರ್ಕೆಟ್ ಕಡೆ ಅಂಗಡ್ಯಾಗ ಪಾಕೀಟು ತಂದು, ಪ್ಲೇಟಿನ ಮ್ಯಾಲ ಗೆರಿ ಎಳೆದು (ಸ್ಟ್ರೀಕ್ ಮಾಡಿ) ಒಂದು ಕಾಲನಿ (ಈಸ್ಟಿನ ಗುಂಪು) ಆರಿಸ್ಕೊಂಡೆ.

ಮೊದಲ ತಿಂಗಳು ಪೂರಾ ವೇಸ್ಟ್. ಸೆಂಟ್ರಿಫ್ಯೂಜ್ ಮಾಡಿ, ಅಂದ್ರ ಜೋರಾಗಿ ತಿರುಗಿಸಿ, ಮ್ಯಾಲಿನ ನೀರು ಟೆಸ್ಟ್ ಮಾಡ್ತಿದ್ದೆ, ಕೆಳಗ ಕೂತ ಕೋಶಗಳ ಪೆಲೆಟ್ ಚೆಲ್ತಿದ್ದೆ, ಆದ್ರ ಈ ಎಂಜೈಮ್ ಹೆಚ್ಚಿಗಿ ಕೂಡೋದೇ ಜೀವಕೋಶದ ಪೊರೆ ಮತ್ತ ಗೋಡೆ ನಡುವ! ಚೆಲ್ಲಿದ್ದೇ ಮಾಲು. ಆಮ್ಯಾಲ ಕೋಶಗಳನ್ನೇ ಎರಡು ಸಲ ಬಫರ್‌ದಾಗ ತೊಳೆದು ನೇರವಾಗಿ ಸುಕ್ರೋಸ್ (ನಮ್ಮ ಸಕ್ಕರಿನೇ) ಜೊತಿ ಇಟ್ಟೆ. ತೊಳೀಲಿಲ್ಲ ಅಂದ್ರ ಉಳಿದ ಗ್ಲೂಕೋಸೇ, ಗ್ಲೂಕೋಸ್ ಅಳೆಯೋ ಕೆಮಿಕಲ್ ಆದ ಡಿಎನ್‌ಎಸ್‌ಗ ಕೆಂಪು ಬಣ್ಣ ಕೊಟ್ಟು 540 ನ್ಯಾನೋಮೀಟರ್‌ನಾಗ ಸುಳ್ಳು ರೀಡಿಂಗ್ ಬರ್ತದ.

ಖರೇ ತಲಿ ಕೆಡಿಸಿದ್ದು ಸಕ್ಕರಿ. ಈಸ್ಟ್ ಬೆಳೆಸೋ ಫ್ಲಾಸ್ಕಿಗೆ ಹೆಚ್ಚು ಹಾಕಿದ್ರ ಹೆಚ್ಚು ಎಂಜೈಮ್ ಅಂತ 2 ಪರ್ಸೆಂಟ್, 5, 10 ಏರಿಸ್ಕೋತ ಹೋದೆ, ಫ್ಲಾಸ್ಕ್ ಮಜ್ಜಿಗಿ ಹಂಗ ಗಟ್ಟಿ ಆತು, ನನಗ ಭಾಳ ಖುಷಿ, ಆದ್ರ ಒಂದು ಮಿಲಿಗ್ರಾಂ ಕೋಶಕ್ಕ ಎಷ್ಟು ಯೂನಿಟ್ ಎಂಜೈಮ್ ಅಂತ ಲೆಕ್ಕ ಹಾಕಿದ್ರ ಇಳೀಕೋತ ಬಂದಿತ್ತು. ಗೈಡ್ ಕೇಳಿದ್ದು ಒಂದೇ ಮಾತು, "ಕೋಶ ತೆಗೆದಾಗ ಫ್ಲಾಸ್ಕಿನ್ಯಾಗ ಗ್ಲೂಕೋಸ್ ಉಳಿದಿತ್ತೇನು ನೋಡಿದ್ದೇನವಾ?" ನೋಡಿರ್ಲಿಲ್ಲ. ಸುತ್ತಲೂ ಗ್ಲೂಕೋಸ್ ಇದ್ರ ಈಸ್ಟ್ ಇನ್ವರ್ಟೇಸ್ ಮಾಡೋ ತನ್ನ ಎಸ್‌ಯುಸಿ2 ಜೀನ್ ಬಂದ್ ಮಾಡಿಡ್ತದ, ಬುಟ್ಟ್ಯಾಗ ರೊಟ್ಟಿ ಇದ್ದಾಗ ಯಾರು ಹಿಟ್ಟು ನಾದ್ತಾರ್ರೀ? ಮುಂದ 1 ಪರ್ಸೆಂಟ್ ಸುಕ್ರೋಸ್‌ಕ್ಕ ಇಳಿಸಿ, ಎರಡೆರಡು ತಾಸಿಗೊಮ್ಮೆ ಗ್ಲೂಕೋಸ್ ಅಳೆದು, ಅದು ಮುಗಿಲಿಕ್ಕ ಬಂದಾಗ ಕೋಶ ತೆಗೆದೆ, ಅವಾಗ ರೀಡಿಂಗ್ ಎದ್ದು ಬಂತು.

ಪಿಎಚ್ 4.5, 5, 5.5 ಎಲ್ಲಾ ನೋಡೀನಿ, ನನಗಂತೂ ದೊಡ್ಡ ಫರಕ್ ಕಾಣ್ಲಿಲ್ಲ.

ಇನ್ನೊಂದು ಮರೀಬ್ಯಾಡ್ರಿ, ಎಂಜೈಮ್ ಚಲೋ ಕೆಲಸ ಮಾಡೋದು 50 ಡಿಗ್ರಿ ಆಜೂಬಾಜು, ಈಸ್ಟ್ ಚಲೋ ಬೆಳೆಯೋದು 30ರ ಆಜೂಬಾಜು. ನಮ್ಮ ಜೂನಿಯರ್ ಒಬ್ಬಾಕಿ ನನ್ನ ರಿಪೋರ್ಟ್ ನೋಡಿ ಈಸ್ಟ್‌ನೇ 50ಕ್ಕ ಇಟ್ಟು ಕುದಿಸಿಬಿಟ್ಟಿದ್ಲು.

ಶೇಕರ್ ಕಥಿ ಏನಾತಂದ್ರ, ಕಡೀಗಿ ಕೂಲಿಂಗ್ ಇದ್ದ ಬಿಓಡಿ ಇನ್‌ಕ್ಯುಬೇಟರ್‌ದಾಗ ಫ್ಲಾಸ್ಕ್ ಇಟ್ಟು, ಅರ್ಧ ತಾಸಿಗೊಮ್ಮೆ ಕೈಲೇ ಅಲ್ಲಾಡಿಸ್ದೆ, ಕರೆಂಟ್ ಹೋದ್ರ ಬಾಗಿಲಾ ತೆಗೀಲಾರದ ಕೂಡ್ತಿದ್ದೆ.